ಸೆರಗಿನ ಕೊಂಡಿ: ಇಳಕಲ್ಲಿನಲ್ಲಿ ಕೊಂಡ ಮೂರು ಸೀರೆಗಳು

ತಂಗಿಯ ಮಗಳ ಕುಬುಸದ, ಅಂದರೆ ಸೀಮಂತದ, ನೆಪದಲ್ಲಿ ಎರಡು ವರ್ಷಗಳ ಹಿಂದೆ ಇಳಕಲ್ಲಿಗೆ ಹೋಗಿ ಮೂರು ಸೀರೆ ತಂದಿದ್ದೆ. ಬಸುರಿಗೆ ಕೊಟ್ಟದ್ದು ಹತ್ತಿಯ ಒಡಲು, ಅಪ್ಪಟ ರೇಷ್ಮೆಯ ದಡಿ ಮತ್ತು ಸೆರಗು ಇರುವ ದಾಳಿಂಬೆ ಕೆಂಪಿನ ಸೀರೆ. ಬೆಲೆ 5,200 ರೂಪಾಯಿ. ಅವ್ವನಿಗೆ ತಂದದ್ದು ಅದೇ ಬಗೆಯ ಹತ್ತಿಯ ಒಡಲಿಗೆ ಚಮಕಾ, ಅಂದರೆ ಕೃತಕ ರೇಷ್ಮೆಯ ಸೆರಗು ಕೂಡಿಸಿದ ನವಿಲು ಹಸಿರಿನದು, 1,900 ರೂಪಾಯಿ. ಮೂರನೆಯದನ್ನು ಬಸ್ ನಿಲ್ದಾಣಕ್ಕೆ ಮರಳುವಾಗ ದಾರಿಯ ಅಂಗಡಿಯೊಂದರಲ್ಲಿ ನನಗೆಂದು 750 ರೂಪಾಯಿಗೆ ಕೊಂಡೆ. ಅಂಗಡಿಯವರು ‘ಇದೂ ಕೈಮಗ್ಗದ್ದೇ ಅಕ್ಕಾರ’ ಎಂದು ಹೇಳಿಯೇ ಕೊಟ್ಟರು. ಮೂರಕ್ಕೂ ಹೆಸರು ಇಳಕಲ್ ಸೀರೆ. ಮೂರರ ಸೆರಗಿನಲ್ಲೂ ಅದೇ ಕೆಂಪು, ಅದೇ ಬಿಳಿ, ಅದೇ ಹಲ್ಲುಹಲ್ಲಾದ ವಿನ್ಯಾಸ. ಎರಡು ವರ್ಷ ಉಟ್ಟು, ಒಗೆದು, ಮಡಿಸಿಟ್ಟ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕೊಂಡ ದಿನವೇ ಬರೆದಿದ್ದರೆ ಮೂರನೆಯದನ್ನೇ ಹೆಚ್ಚು ಹೊಗಳುತ್ತಿದ್ದೆನೇನೋ.

ಮೊದಲಿಗೆ ಇಳಕಲ್ ಸೀರೆಯನ್ನು ಇಳಕಲ್ ಸೀರೆಯನ್ನಾಗಿ ಮಾಡುವುದು ಯಾವುದು ಎಂಬುದನ್ನು ಹೇಳಬೇಕು, ಏಕೆಂದರೆ ಬೆಲೆಯ ವ್ಯತ್ಯಾಸವೆಲ್ಲ ಅಲ್ಲಿಯೇ ಅಡಗಿದೆ. ಸಾಮಾನ್ಯ ಸೀರೆಯಲ್ಲಿ ಹಾಸು, ಅಂದರೆ ಉದ್ದಕ್ಕೆ ಓಡುವ ಎಳೆ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಆಗಿರುತ್ತದೆ. ಸೆರಗಿನಲ್ಲಿ ಬದಲಾಗುವುದು ಅಡ್ಡ ಎಳೆಯಾದ ಹೊಕ್ಕು ಮಾತ್ರ. ಇಳಕಲ್ಲಿನ ನೇಕಾರರು ಹಾಗೆ ಮಾಡುವುದಿಲ್ಲ. ಅವರು ಒಡಲಿನ ಹಾಸನ್ನು ಹತ್ತಿಯಲ್ಲಿ ಬೇರೆಯಾಗಿ, ಸೆರಗಿನ ಹಾಸನ್ನು ರೇಷ್ಮೆ ಅಥವಾ ಚಮಕಾದಲ್ಲಿ ಬೇರೆಯಾಗಿ ಸಿದ್ಧಮಾಡಿ, ಎರಡರ ತುದಿಗಳನ್ನೂ ಕುಣಿಕೆ ಮಾಡಿ ಒಂದರೊಳಗೊಂದು ಸೇರಿಸುತ್ತಾರೆ. ಎರಡು ಕೈಗಳ ಬೆರಳನ್ನು ಕೊಕ್ಕೆಯಂತೆ ಬಾಗಿಸಿ ಒಂದಕ್ಕೊಂದು ಸಿಕ್ಕಿಸಿದರೆ ಹೇಗಿರುತ್ತದೋ ಹಾಗೆ. ಇದಕ್ಕೆ ಕೊಂಡಿ ಎಂದು ಹೆಸರು. ಸೀರೆಯ ಅಗಲದಷ್ಟು ಎಳೆಗಳಿಗೆಲ್ಲ ಹೀಗೆ ಕೊಂಡಿ ಹಾಕಬೇಕು. ಅದನ್ನು ಮಾಡುವುದು ಕಣ್ಣು, ಬೆರಳು ಮತ್ತು ತಾಳ್ಮೆ.

ಕಂಚಿಯಲ್ಲೂ ಸೆರಗಿನ ಹಾಸನ್ನು ಪ್ರತ್ಯೇಕವಾಗಿ ಮಾಡಿ ಕೂಡಿಸುವ ಪದ್ಧತಿ ಇದೆ. ಆದರೆ ಅಲ್ಲಿ ರೇಷ್ಮೆಗೆ ರೇಷ್ಮೆ ಕೂಡುತ್ತದೆ. ಇಲ್ಲಿ ಹತ್ತಿಗೆ ರೇಷ್ಮೆ. ನನಗೆ ಈ ವ್ಯತ್ಯಾಸದಲ್ಲಿಯೇ ಈ ಸೀಮೆಯ ಇಡೀ ಲೆಕ್ಕಾಚಾರ ಕಾಣುತ್ತದೆ. ಹೊಲದಲ್ಲಿ ಕಳೆ ತೆಗೆಯುವ, ರೊಟ್ಟಿ ಬಡಿಯುವ, ಬೆವರುವ ಮೈಗೆ ಹತ್ತಿ ಬೇಕು, ಅದು ಗಟ್ಟಿಯಾಗಿಯೂ ಅಗ್ಗವಾಗಿಯೂ ಇರಬೇಕು. ನಾಲ್ಕು ಜನರ ಕಣ್ಣಿಗೆ ಬೀಳುವ ತಲೆಯ ಮೇಲಿನ ಸೆರಗಿಗೂ ದಡಿಗೂ ಮಾತ್ರ ರೇಷ್ಮೆ ಸಾಕು. ದುಬಾರಿ ಎಳೆಯನ್ನು ಕಾಣುವಲ್ಲಿ ಮಾತ್ರ ಖರ್ಚು ಮಾಡಿ, ಉಳಿದ ಕಡೆ ಬಾಳಿಕೆಯನ್ನು ನೋಡಿಕೊಂಡ ಈ ಬುದ್ಧಿ ರಾಜರ ಮನೆಯದಲ್ಲ, ಒಕ್ಕಲು ಮನೆಯದು. ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಲು ಬುಟ್ಟಿ ಹೊತ್ತು ಹೊಲಕ್ಕೆ ಹೋಗುವ ಹೆಂಗಸರ ಸಾಲನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಿಂದಿನಿಂದ ಕಾಣುವುದು ಕೆಂಪು ಸೆರಗುಗಳು ಮಾತ್ರ.

ಇನ್ನು ಸೆರಗಿನ ವಿನ್ಯಾಸ. ಇದನ್ನು ತೋಪುತೆನೆ ಎನ್ನುತ್ತಾರೆ. ಅಲ್ಲಿಯ ಬಾಯಲ್ಲಿ ಅದು ‘ಟೋಪ ತೆನಿ’ ಎಂದು ಕೇಳಿಸುತ್ತದೆ. ಮೂರು ಕೆಂಪು ಪಟ್ಟಿ, ಅವುಗಳ ನಡುವೆ ಎರಡು ಬಿಳಿ ಪಟ್ಟಿ ಇರುವುದು ರೂಢಿ. ಕೆಂಪು ಬಿಳಿಗೆ ತಾಗುವಲ್ಲಿ ಬಾಚಣಿಗೆಯ ಹಲ್ಲಿನಂತಿರುವುದಕ್ಕೆ ಹಣಿಗೆ, ಕೋಟೆಯ ತೆನೆಯಂತಿರುವುದಕ್ಕೆ ಕೋಟೆಕೊಮ್ಮೆ, ಜೋಳದ ತೆನೆಯಂತಿರುವುದಕ್ಕೆ ಮತ್ತೆ ಅದೇ ತೋಪುತೆನೆ ಎಂದು ಬೇರೆ ಬೇರೆ ಹೆಸರುಗಳಿವೆ. ದಡಿಗೂ ಹೀಗೆಯೇ ಹೆಸರುಗಳು: ಚಿಕ್ಕಿ, ಗೋಮಿ, ಜರಿ, ಗಾಡಿ, ಈಚಿನದು ಗಾಯತ್ರಿ. ನಾಲ್ಕರಿಂದ ಆರು ಇಂಚು ಅಗಲದ ಗೋಮಿ ದಡಿಯನ್ನೇ ಹೊರಗಿನವರು ಇಳಕಲ್ ದಡಿ ಎಂದು ಗುರುತಿಸುತ್ತಾರೆ. ಅವ್ವ ಮಾತ್ರ ಅಂಗಡಿಯಲ್ಲಿ ದಡಿಯನ್ನು ನೋಡಲೇ ಇಲ್ಲ. ‘ಸೆರಗ ಹೊಳ್ಳಿಸಿ ತೋರಸ್ರಿ’ ಎಂದಳು. ಅಂಗಡಿಯವರ ಮುಖದಲ್ಲಿ ಒಂದು ಬಗೆಯ ಗೌರವ ಮೂಡಿದ್ದು ಆಗಲೇ.

ಸೆರಗನ್ನು ಹೊರಳಿಸಿ ನೋಡುವುದರ ಅರ್ಥ ನನಗೆ ತಿಳಿದದ್ದು ತಡವಾಗಿ. ಒಳಮೈಯಲ್ಲಿ ಒಡಲು ಮುಗಿದು ಸೆರಗು ತೊಡಗುವ ಗೆರೆಯ ಮೇಲೆ ಸಣ್ಣ ಕುಣಿಕೆಗಳ ಸಾಲು ಬೆರಳಿಗೆ ತಾಗುತ್ತದೆ. ಅದಿದ್ದರೆ ಕೊಂಡಿಯ ಸೀರೆ. ಅದು ಬೆರಳಿಗೆ ಸಿಗದಿದ್ದರೆ ಇನ್ನೊಂದು ಪರೀಕ್ಷೆ ಇದೆ: ಸೆರಗಿನ ತುದಿಯ ಕುಚ್ಚು ಕಟ್ಟುವ ಜಾಗದಲ್ಲಿ ಒಂದೆರಡು ಉದ್ದೆಳೆಗಳನ್ನು ಬಿಡಿಸಿ ನೋಡುವುದು. ಅವು ಸೆರಗಿನ ಬಣ್ಣದ್ದೇ ಆಗಿದ್ದರೆ ಹಾಸು ಬೇರೆಯಾಗಿದೆ. ಒಡಲಿನ ಬಣ್ಣದ್ದಾಗಿದ್ದರೆ ಹಾಸು ಒಂದೇ, ಮೇಲೆ ಕೆಂಪು ಹೊಕ್ಕು ಹಾಯಿಸಿದ್ದಾರೆ ಅಷ್ಟೆ. ನನ್ನ 750 ರೂಪಾಯಿಯ ಸೀರೆಯ ಒಡಲು ನೀಲಿ. ಸೆರಗಿನ ತುದಿಯ ಎಳೆಗಳೂ ನೀಲಿಯೇ. ಆದ್ದರಿಂದಲೇ ಅದರ ಕೆಂಪು ಒಂದು ಕೋನದಿಂದ ಕೆಂಪಾಗಿಯೂ ಇನ್ನೊಂದು ಕೋನದಿಂದ ನೇರಳೆಯಾಗಿಯೂ ಕಾಣುತ್ತಿತ್ತು. ಅಂಗಡಿಯಲ್ಲಿ ನಾನದನ್ನು ಹೊಳಪು ಎಂದುಕೊಂಡು ಮೆಚ್ಚಿದ್ದೆ.

ಇಲ್ಲಿ ಮಗ್ಗದ ಅರ್ಥಶಾಸ್ತ್ರವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ವಿದ್ಯುತ್ ಮಗ್ಗದ ಲಾಭವಿರುವುದು ಅದು ನಿಲ್ಲದೆ ಓಡುವುದರಲ್ಲಿ. ಅದಕ್ಕೆ ಅನೇಕ ಸೀರೆಗಳಿಗಾಗುವಷ್ಟು ಉದ್ದನೆಯ ಹಾಸನ್ನು ಉರುಳೆಗೆ ಸುತ್ತಿ ಏರಿಸಿದರೆ ಸೀರೆಯ ಹಿಂದೆ ಸೀರೆ ಬರುತ್ತಲೇ ಇರುತ್ತದೆ. ಕೊಂಡಿಯ ಸೀರೆಗೆ ಆ ಸೌಲಭ್ಯ ಇಲ್ಲ. ಸೆರಗಿನ ಹಾಸು ಬೇರೆಯಾದ್ದರಿಂದ ಒಂದು ಸೀರೆಗೆ ಒಂದು ಹಾಸು. ಆ ಸೀರೆ ಮುಗಿದ ಮೇಲೆ ಮಗ್ಗ ನಿಲ್ಲಬೇಕು, ಹೊಸ ಹಾಸು ಬರಬೇಕು, ಮತ್ತೆ ಕೊಂಡಿ ಹಾಕಬೇಕು. ಯಂತ್ರಕ್ಕೆ ಬೇಡವಾದದ್ದು ಈ ನಿಲುಗಡೆ. ಆದ್ದರಿಂದ ಇಳಕಲ್ ವಿನ್ಯಾಸವನ್ನು ವಿದ್ಯುತ್ ಮಗ್ಗಕ್ಕೆ ತಂದವರು ಮೊದಲು ಕೈಬಿಟ್ಟದ್ದು ಕೊಂಡಿಯನ್ನು. ದಡಿ, ಬಣ್ಣ, ಹಲ್ಲುಗಳು ಎಲ್ಲವೂ ಹಾಗೆಯೇ ಉಳಿದವು. ಗಿರಾಕಿ ನೋಡುವುದೂ ಅವನ್ನೇ.

ಕಾನೂನು ಇಲ್ಲವೆಂದಲ್ಲ. ಕೈಮಗ್ಗಕ್ಕೆ ಮೀಸಲಾದ ಬಟ್ಟೆಗಳ ಕುರಿತು 1985ರಲ್ಲಿಯೇ ಕೇಂದ್ರದ ಕಾಯ್ದೆ ಬಂದಿದೆ. ಈಗ ಅದರಡಿ ಮೀಸಲಿರುವ 11 ಬಗೆಯ ಬಟ್ಟೆಗಳಲ್ಲಿ ಸೀರೆಯೂ ಒಂದು. ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ನೋಂದಣಿಯೂ ಆಗಿದೆ. ಕೈಮಗ್ಗದ ಗುರುತಿನ ಚೀಟಿ 2006ರಿಂದ ಚಾಲ್ತಿಯಲ್ಲಿದೆ. ನಾನು ಕೊಂಡ ಮೂರು ಸೀರೆಗಳಲ್ಲಿ ಆ ಚೀಟಿ ಇದ್ದದ್ದು ಒಂದರಲ್ಲಿ, ರೇಷ್ಮೆ ಸೆರಗಿನದರಲ್ಲಿ, ಮಾತ್ರ. ಅವ್ವನ ಹಸಿರು ಸೀರೆ ಪ್ರಾಮಾಣಿಕವಾದ ಕೈಮಗ್ಗದ್ದಾದರೂ ಅದಕ್ಕೆ ಚೀಟಿ ಅಂಟಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಸುಳ್ಳು ಹೇಳಿ ಮಾರಿದ ಸೀರೆಗೂ ಚೀಟಿ ಇರಲಿಲ್ಲ. ಹಾಗಾಗಿ ಚೀಟಿ ಇದ್ದರೆ ನಂಬಬಹುದು, ಇಲ್ಲದಿದ್ದರೆ ಸೆರಗನ್ನೇ ಹೊರಳಿಸಬೇಕು.

ಇಳಕಲ್ ಎಲ್ಲಿದೆ ಎಂಬುದನ್ನೂ ತಿಳಿದಿದ್ದರೆ ಸೀರೆಯನ್ನು ಅಳೆಯುವುದು ಸುಲಭ. ಸೊಲ್ಲಾಪುರದಿಂದ ಚಿತ್ರದುರ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ಹುನಗುಂದ ಮತ್ತು ಕುಷ್ಟಗಿಯ ನಡುವೆ, ಹೊಸಪೇಟೆಯಿಂದ ಸುಮಾರು 100 ಕಿಲೋಮೀಟರ್ ಉತ್ತರಕ್ಕೆ ಈ ಊರಿದೆ. 2011ರ ಜನಗಣತಿಯಲ್ಲಿ 60 ಸಾವಿರದಷ್ಟು ಜನ. ಬಹುಕಾಲ ವಿಜಾಪುರ ಜಿಲ್ಲೆಯ ಹುನಗುಂದ ತಾಲ್ಲೂಕಿನ ಊರಾಗಿದ್ದು, 1997ರಲ್ಲಿ ಬಾಗಲಕೋಟೆ ಜಿಲ್ಲೆಗೆ ಸೇರಿತು. ಸ್ವಂತ ತಾಲ್ಲೂಕಾದದ್ದು ತೀರ ಈಚೆಗೆ. ಎಂಟನೆಯ ಶತಮಾನದಿಂದಲೇ ಇಲ್ಲಿ ನೇಯ್ಗೆ ಇತ್ತೆಂದು ಅಂಗಡಿಯ ಗೋಡೆಗಳ ಮೇಲೆ ಬರೆದಿರುತ್ತಾರೆ. ಇಂಥ ಮಾತನ್ನು ನಾನು ಅನುಮಾನದ ಒಂದು ಹಿಡಿ ಉಪ್ಪಿನೊಡನೆ ಅಲ್ಲ, ಒಂದು ಹಿಡಿ ಅರಳೆಯೊಡನೆ ತೆಗೆದುಕೊಳ್ಳುತ್ತೇನೆ: ಕರಿ ಎರೆಯ ಭೂಮಿ, ಜೋಳ ಮತ್ತು ಹತ್ತಿಯ ಬೆಳೆ, ಮಧ್ಯಯುಗದ ದಕ್ಷಿಣ ಭಾರತದ ಉದ್ದಗಲಕ್ಕೂ ವ್ಯಾಪಾರ ಮಾಡಿದ ಐನೂರ್ವರ ಶ್ರೇಣಿಗೆ ಹೆಸರು ಕೊಟ್ಟ ಐಹೊಳೆ ಇದೇ ಸೀಮೆಯಲ್ಲಿರುವುದು, ಇವನ್ನು ಕೂಡಿಸಿ ನೋಡಿದರೆ ಇಲ್ಲಿ ಬಟ್ಟೆ ನೇಯದೆ ಇದ್ದಿದ್ದರೇ ಆಶ್ಚರ್ಯ. ಮುಂದೆ ಬಳ್ಳಾರಿ ಸುತ್ತಿನ ಪಾಳೆಯಗಾರರ ಆಶ್ರಯ ಈ ನೇಯ್ಗೆಯನ್ನು ಬೆಳೆಸಿತೆಂಬ ಮಾತೂ ಇದೆ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಗಡಿಯ ಸಂಗತಿ. ಬ್ರಿಟಿಷರ ಕಾಲದಲ್ಲಿ ಹುನಗುಂದ ತಾಲ್ಲೂಕು ಮುಂಬಯಿ ಆಧಿಪತ್ಯದಲ್ಲಿತ್ತು. ನೆರೆಯ ಕುಷ್ಟಗಿ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಎರಡು ಆಡಳಿತಗಳ ಅಂಚಿನಲ್ಲಿ ನಿಂತ ಪೇಟೆಗೆ ಎರಡೂ ಕಡೆಯ ಗಿರಾಕಿ. ಮುಂಬಯಿ ಪ್ರಾಂತದ ದಾರಿ ಹಿಡಿದ ಸೀರೆ ಸೊಲ್ಲಾಪುರ, ಪುಣೆ ಮುಟ್ಟಿ ಮರಾಠಿಯಲ್ಲಿ ‘ಇರ್ಕಲ್’ ಆಯಿತು. ಇಂದಿಗೂ ಮಹಾರಾಷ್ಟ್ರದ ಮದುವೆಮನೆಗಳಲ್ಲಿ ಆ ಹೆಸರು ಬಳಕೆಯಲ್ಲಿದೆ. ಕಚ್ಚೆ ಹಾಕಿ ಉಡುವ ಒಂಬತ್ತು ಗಜದ ಸೀರೆಗೆ ಎರಡೂ ಭಾಷೆಯ ಹೆಂಗಸರು ಇದ್ದರು. ಬೇಡಿಕೆ ಆರು ಗಜಕ್ಕೆ ಇಳಿದದ್ದು ಆಮೇಲಿನ ಕಥೆ. ನಾನು ಹೋದ ಅಂಗಡಿಯಲ್ಲಿ ಒಂಬತ್ತು ಗಜದ ಸೀರೆಗಳು ಮೇಲಿನ ಅರೆಯಲ್ಲಿ ಕಾಗದ ಸುತ್ತಿಕೊಂಡು ಕೂತಿದ್ದವು. ಅವನ್ನು ಕೇಳಿದವರಿಗಷ್ಟೇ ಇಳಿಸುತ್ತಾರೆ.

ಇಪ್ಪತ್ತನೆಯ ಶತಮಾನ ಈ ಸೀರೆಯ ಒಳಗನ್ನೇ ಬದಲಿಸಿತು. ಕೈನೂಲಿನ ಜಾಗಕ್ಕೆ ಗಿರಣಿಯ ನೂಲು ಬಂತು, ಗಿಡಮರದ ಬಣ್ಣದ ಜಾಗಕ್ಕೆ ರಾಸಾಯನಿಕ ಬಣ್ಣ ಬಂತು, ರೇಷ್ಮೆಯ ಜಾಗಕ್ಕೆ ಚಮಕಾ ಬಂತು. ಚಮಕಾ ಬಂದದ್ದನ್ನು ಕೆಲವರು ಅವನತಿ ಎಂದು ಬರೆಯುವುದನ್ನು ಕಂಡಿದ್ದೇನೆ, ನಾನು ಒಪ್ಪುವುದಿಲ್ಲ. ರೇಷ್ಮೆ ಸೆರಗನ್ನು ಜನ್ಮದಲ್ಲಿ ಒಮ್ಮೆ, ಮದುವೆಯಲ್ಲಿ, ಉಡುತ್ತಿದ್ದ ಹೆಣ್ಣುಮಕ್ಕಳಿಗೆ ವರ್ಷಕ್ಕೊಂದು ಹೊಳೆಯುವ ಸೆರಗು ಸಿಕ್ಕಿದ್ದು ಚಮಕಾದಿಂದ. ಕೊಂಡಿ ಉಳಿಯಿತು, ಮಗ್ಗ ಉಳಿಯಿತು, ನೇಕಾರನ ಕೆಲಸ ಉಳಿಯಿತು. ಬದಲಾದದ್ದು ಎಳೆ ಮಾತ್ರ. ಕೊಂಡಿಯನ್ನೇ ತೆಗೆದ ಮೂರನೆಯ ಸೀರೆಯ ಮಾತು ಬೇರೆ.

ಇನ್ನು ಬಳಕೆಯ ಮಾತಿಗೆ ಬರುತ್ತೇನೆ. ಅವ್ವನ ಹಸಿರು ಸೀರೆಯೇ ಮೂರರಲ್ಲಿ ಹೆಚ್ಚು ದುಡಿದದ್ದು. ವಾರಕ್ಕೊಮ್ಮೆ ಉಟ್ಟಿದ್ದಾಳೆ, ಕಲ್ಲಿನ ಮೇಲೆ ಒಗೆದಿದ್ದಾಳೆ. ಒಡಲಿನ ಹತ್ತಿ ಮೊದಮೊದಲು ಗಂಜಿಯಿಂದ ಸೆಟೆದುಕೊಂಡು ನಿಲ್ಲುತ್ತಿತ್ತು. ಆರೇಳು ಒಗೆತದ ನಂತರ ಮೆತ್ತಗಾಯಿತು, ಬಣ್ಣ ಒಂದು ಛಾಯೆ ಇಳಿಯಿತು, ಬಟ್ಟೆ ಎಲ್ಲಿಯೂ ಜಾಳಾಗಿಲ್ಲ. ತೊಂದರೆ ಬಂದದ್ದು ಸೆರಗಿನಲ್ಲಿ. ಮೊದಲ ಒಗೆತದಲ್ಲಿಯೇ ಕೆಂಪು ಬಿಟ್ಟು ಬಿಳಿಯ ಪಟ್ಟಿಗಳ ಅಂಚು ಗುಲಾಬಿಯಾಯಿತು. ಉಪ್ಪು ನೀರಿನಲ್ಲಿ ನೆನೆಸಿ, ಸೆರಗನ್ನು ಬೇರೆಯಾಗಿ ಹಿಂಡಬೇಕೆಂದು ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ. ಕೆಂಪಿನ ಪಕ್ಕದಲ್ಲಿ ಬಿಳಿಯನ್ನಿಟ್ಟು ನೇಯುವ ಊರಿನಲ್ಲಿ ಬಣ್ಣ ಗಟ್ಟಿಯಾಗಿ ಕೂರಿಸುವುದು ನೇಯ್ಗೆಯಷ್ಟೇ ಮುಖ್ಯವಾದ ಕೆಲಸವಾಗಬೇಕು. ದೂರವಾಣಿ ಮಾಡಿದಾಗ ‘ಚಮಕಾ ಅಂದ್ರ ಸ್ವಲ್ಪ ಬಿಡತೈತ್ರಿ’ ಎಂಬ ಉತ್ತರ ಬಂತು. ಇದನ್ನು ಮಾರುವ ಮೊದಲೇ ಹೇಳಬಹುದಿತ್ತು. ಹಾಗಿದ್ದೂ ಅವ್ವ ಆ ಸೀರೆಯನ್ನು ಬಿಟ್ಟುಕೊಟ್ಟಿಲ್ಲ. ಗುಲಾಬಿ ಅಂಚು ಚೆಂದವೇ ಕಾಣುತ್ತದೆ ಎಂದು ಈಗ ವಾದಿಸುತ್ತಾಳೆ.

ರೇಷ್ಮೆ ಸೆರಗಿನ ದಾಳಿಂಬೆ ಸೀರೆಯ ಬಗ್ಗೆ ಹೇಳಲು ಹೆಚ್ಚಿಲ್ಲ, ಏಕೆಂದರೆ ಅದನ್ನು ಉಟ್ಟದ್ದು ನಾಲ್ಕು ಸಲ. ಬಣ್ಣ ಬಿಟ್ಟಿಲ್ಲ. ಸೆರಗು ಜಾರದೆ ಹೆಗಲ ಮೇಲೆ ಕೂರುತ್ತದೆ. ಹತ್ತಿಯ ಒಡಲಿಗೆ ರೇಷ್ಮೆಯ ತೂಕ ತಾಗುವ ಕೊಂಡಿಯ ಗೆರೆಯಲ್ಲಿ ಸಣ್ಣ ಸುಕ್ಕು ಬರುತ್ತದೆ. ಎರಡು ಎಳೆಗಳು ನೀರಿನಲ್ಲಿ ಒಂದೇ ಸಮನೆ ಕುಗ್ಗುವುದಿಲ್ಲವಾದ್ದರಿಂದ ಇದು ಸಹಜ, ಇಸ್ತ್ರಿಗೆ ಹೋಗುತ್ತದೆ. ರವಿಕೆಯ ಬಟ್ಟೆ ಜತೆಗೇ ಬಂದಿತ್ತು. ಇದನ್ನು ಅಂಗಡಿಯವರು ಅನುಕೂಲವೆಂದು ಹೇಳಿದರು, ನನಗೆ ಕೊರತೆಯೆಂದು ಕಂಡಿತು. ಇಳಕಲ್ ಸೀರೆಗೆ ಜೊತೆಯಾಗಿ ಬರುತ್ತಿದ್ದದ್ದು ಗುಳೇದಗುಡ್ಡದ ಖಣ. ಒಂದು ಊರು ಸೀರೆ ನೇಯುವುದು, ಅದೇ ಜಿಲ್ಲೆಯ ಇನ್ನೊಂದು ಊರು ಕುಪ್ಪಸದ ಬಟ್ಟೆ ನೇಯುವುದು, ಉಡಿ ತುಂಬುವಾಗ ಎರಡೂ ಒಂದೇ ಮೊರದಲ್ಲಿ ಸೇರುವುದು, ಇದು ಹೆಣ್ಣುಮಕ್ಕಳ ಮೈಮೇಲೆ ನಡೆಯುತ್ತಿದ್ದ ಊರೂರ ನಡುವಿನ ವ್ಯಾಪಾರ. ಸೀರೆಯ ಹಾಸಿನಲ್ಲಿಯೇ ಒಂದು ಮೊಳ ಉಳಿಸಿ ರವಿಕೆ ಕೊಟ್ಟರೆ ಗುಳೇದಗುಡ್ಡದ ಮಗ್ಗಕ್ಕೆ ಅಷ್ಟು ಕೆಲಸ ಕಡಿಮೆಯಾಯಿತು. ಕುಬುಸದ ದಿನ ನಾವು ಆ ರವಿಕೆಯ ತುಂಡನ್ನು ಬದಿಗಿಟ್ಟು ಖಣವನ್ನೇ ತಂದೆವು.

ಮೂರನೆಯ ಸೀರೆಗೆ ಅನ್ಯಾಯ ಮಾಡಬಾರದು. 750 ರೂಪಾಯಿಗೆ ಅದು ಹಗುರ, ಬೇಗ ಒಣಗುತ್ತದೆ, ಇಸ್ತ್ರಿ ಕೇಳುವುದಿಲ್ಲ, ಬಸ್ಸಿನ ಪ್ರಯಾಣಕ್ಕೆ ಒಳ್ಳೆಯದು. ಬಣ್ಣ ಒಂದು ಹನಿಯೂ ಬಿಟ್ಟಿಲ್ಲ. ಬೇಸಿಗೆಯಲ್ಲಿ ಮಾತ್ರ ಮೈಗೆ ಅಂಟುತ್ತದೆ. ಅಂಚಿನಿಂದ ತೆಗೆದ ಒಂದು ಎಳೆಗೆ ಬೆಂಕಿ ತಾಗಿಸಿದೆ: ಅದು ಕರಗಿ ಗಟ್ಟಿ ಮಣಿಯಂತಾಯಿತು, ಅಂದರೆ ಪಾಲಿಯೆಸ್ಟರ್. ಅವ್ವನ ಸೀರೆಯ ಚಮಕಾ ಎಳೆ ಕಾಗದದಂತೆ ಉರಿದು ಬೂದಿಯಾಯಿತು. ದಾಳಿಂಬೆ ಸೀರೆಯ ರೇಷ್ಮೆ ಎಳೆಯಿಂದ ಕೂದಲು ಸುಟ್ಟ ವಾಸನೆ ಬಂತು. ಮನೆಯಲ್ಲಿ ಯಾರಾದರೂ ಮಾಡಿ ನೋಡಬಹುದಾದ ಪರೀಕ್ಷೆ ಇದು. ಸೀರೆಯನ್ನು ಮಾತ್ರ ದೂರವಿಟ್ಟುಕೊಳ್ಳಿ. ಪಾಲಿಯೆಸ್ಟರ್ ಸೀರೆಯನ್ನು ಪಾಲಿಯೆಸ್ಟರ್ ಸೀರೆ ಎಂದೇ ಮಾರಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ವಿದ್ಯುತ್ ಮಗ್ಗ ನಡೆಸುವವರೂ ಇದೇ ಸೀಮೆಯ ನೇಕಾರರು, ಅವರ ಮನೆಯಲ್ಲೂ ಒಲೆ ಉರಿಯಬೇಕು. ಆದರೆ ‘ಕೈಮಗ್ಗದ್ದೇ’ ಎಂಬ ಒಂದು ಮಾತಿನಿಂದ ಪಕ್ಕದ ಓಣಿಯ ಕೈಮಗ್ಗದವನ ಬೆಲೆ ಬೀಳುತ್ತದೆ: 750ಕ್ಕೆ ಕೈಮಗ್ಗದ ಸೀರೆ ಸಿಕ್ಕಿತೆಂದು ನಂಬಿ ಹೋದ ಗಿರಾಕಿಗೆ 1,900 ಹೇಳಿದರೆ ಸುಲಿಗೆಯೆಂದೇ ಅನಿಸುತ್ತದೆ.

ಆ 1,900 ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವ ಕುತೂಹಲದಿಂದ, ಹಸಿರು ಸೀರೆ ಕೊಟ್ಟ ಅಂಗಡಿಯವರನ್ನೇ ಕೇಳಿ, ಅದನ್ನು ನೇಯ್ದ ಮನೆಗೆ ಹೋಗಿದ್ದೆ. ಈ ವಿಷಯದಲ್ಲಿ ಅವರ ಧಾರಾಳತನವನ್ನು ಹೇಳಲೇಬೇಕು. ಎಷ್ಟೋ ಕಡೆ ವ್ಯಾಪಾರಿಗಳು ನೇಕಾರರ ಮನೆಯ ದಾರಿಯನ್ನು ತೋರಿಸುವುದಿಲ್ಲ. ನಡುಮನೆಯಲ್ಲಿ ಕುಣಿ ಮಗ್ಗ. ಯಜಮಾನರು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ನೆಲದ ಮಟ್ಟದಲ್ಲಿ ಕೂತಿದ್ದರು. ಹೆಂಡತಿ ಲಾಳಿಗೆ ಕಂಡಿಕೆ ಸುತ್ತುತ್ತಿದ್ದರು. ನೂಲು ಅವರದಲ್ಲ. ಸಾಹುಕಾರರು ನೂಲು ಕೊಡುತ್ತಾರೆ, ಇವರು ಸೀರೆ ಕೊಡುತ್ತಾರೆ, ಸೀರೆಗಿಷ್ಟೆಂದು ಮಜೂರಿ ಪಡೆಯುತ್ತಾರೆ. ಒಂದು ಸೀರೆಗೆ ಎರಡರಿಂದ ಮೂರು ದಿನ ಎಂದರು. ಆ ಲೆಕ್ಕದಲ್ಲಿ ಹೆಂಡತಿಯ ಕಂಡಿಕೆ ಸುತ್ತುವ ಕೆಲಸವೂ, ಹಾಸು ಹೂಡುವಾಗ ಮನೆಮಂದಿಯೆಲ್ಲ ಕೈ ಹಾಕಿದ್ದೂ ಸೇರಿಲ್ಲ ಎಂಬುದು ಮಾತಿನ ನಡುವೆ ತಾನಾಗಿ ಗೊತ್ತಾಯಿತು. ಸೀರೆ ಕೆಟ್ಟರೆ ಮಜೂರಿ ಮುರಿಯುತ್ತಾರೆ. ನೂಲು ಕೆಟ್ಟದ್ದಾಗಿದ್ದರೆ ಯಾರನ್ನು ಕೇಳಬೇಕು ಎಂದು ನಕ್ಕರು. ಬಣ್ಣ ಬಿಡುವ ನನ್ನ ದೂರಿಗೆ ಉತ್ತರ ಅಲ್ಲಿಯೇ ಇತ್ತು: ಬಣ್ಣ ಹಾಕಿದ್ದು ಬೇರೆಯವರು, ನೂಲು ಕೊಂಡದ್ದು ಬೇರೆಯವರು, ನೇಯ್ದದ್ದು ಇವರು, ಮಾರಿದ್ದು ಮತ್ತೊಬ್ಬರು. ಸೆರಗಿಗೂ ಒಡಲಿಗೂ ಇರುವ ಕೊಂಡಿ ಈ ನಾಲ್ವರ ನಡುವೆ ಇಲ್ಲ.

ಅವರ ಮಗ ಮಗ್ಗಕ್ಕೆ ಕೂರುವುದಿಲ್ಲ. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿದ್ದಾನೆ. ಇದು ಇಳಕಲ್ಲಿನ ಇನ್ನೊಂದು ಮುಖ. ಊರಿನ ಹೆಸರಿನಲ್ಲೇ ಕಲ್ಲಿದೆ. ಸುತ್ತಿನ ಗುಡ್ಡಗಳ ಕೆಂಪು ಗ್ರಾನೈಟ್ ‘ಇಳಕಲ್ ರೆಡ್’ ಎಂಬ ಹೆಸರಿನಲ್ಲಿ ಹೊರದೇಶಗಳಿಗೂ ಹೋಗುತ್ತದೆ. ಊರು ಪ್ರವೇಶಿಸುವಾಗ ಮೊದಲು ಕಾಣುವುದು ಮಗ್ಗವಲ್ಲ, ಹೆದ್ದಾರಿಯ ಬದಿಗೆ ಸಾಲಾಗಿ ನಿಲ್ಲಿಸಿದ ಕಲ್ಲಿನ ಹಾಸುಗಳು. ಮಗ್ಗದ ಮಜೂರಿ ತುಣುಕಿನ ಲೆಕ್ಕ, ಕಾರ್ಖಾನೆಯ ಪಗಾರ ತಿಂಗಳ ಲೆಕ್ಕ. ಹೆಣ್ಣು ಕೊಡುವವರು ಎರಡನೆಯದನ್ನೇ ಕೇಳುತ್ತಾರೆ ಎಂದು ತಾಯಿ ಹೇಳಿದರು. ಸರ್ಕಾರ ನೇಕಾರ ಸಮ್ಮಾನ್ ಯೋಜನೆಯಲ್ಲಿ ಕೈಮಗ್ಗ ನೇಕಾರರಿಗೆ ವರ್ಷಕ್ಕೆ 5,000 ರೂಪಾಯಿ ನೇರವಾಗಿ ಕೊಡುತ್ತಿದೆ. ಬೇಡವೆನ್ನುವ ಹಣವಲ್ಲ, ನಾನು ಬಸುರಿಗೆ ಕೊಂಡ ಒಂದು ಸೀರೆಯ ಬೆಲೆಗಿಂತ ಅದು 200 ಕಡಿಮೆ.

ಇಳಕಲ್ಲಿನ ಬಗ್ಗೆ ಬರೆದು ಮಠದ ಹೆಸರನ್ನು ಬಿಡುವಂತಿಲ್ಲ. ಇಲ್ಲಿನ ವಿಜಯ ಮಹಾಂತೇಶ ಮಠದ ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜೋಳವನ್ನಲ್ಲ, ಚಟಗಳನ್ನು ಭಿಕ್ಷೆ ಬೇಡಿದವರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ. ಮಜೂರಿಯ ದುಡ್ಡು ಮನೆ ತಲುಪುವುದೇ ಒಂದು ಆರ್ಥಿಕ ಪ್ರಶ್ನೆಯಾಗಿರುವ ಊರಿನಲ್ಲಿ ಆ ಜೋಳಿಗೆಯನ್ನು ಬರೀ ಧಾರ್ಮಿಕ ಕಾರ್ಯವೆಂದು ನನಗೆ ನೋಡಲಾಗುವುದಿಲ್ಲ.

ಕೊಳ್ಳುವವರಿಗೆ ಕೆಲವು ಮಾತು. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಕೊಳ್ಳುವುದಕ್ಕಿಂತ ಇಳಕಲ್ಲಿಗೇ ಹೋಗುವುದರಿಂದ ಬೆಲೆಯಲ್ಲಿ ಭಾರಿ ಉಳಿತಾಯವಾಗುವುದಿಲ್ಲ, ಬಸ್ ಖರ್ಚು ಸೇರಿಸಿದರೆ ಸರಿಹೋಗುತ್ತದೆ. ಆಯ್ಕೆ ಮಾತ್ರ ಹತ್ತು ಪಟ್ಟು ಹೆಚ್ಚು. ಬಿಸಿಲಿನಲ್ಲಿ ಬಣ್ಣ ನೋಡಿ. ಗಿರಿ ಕುಂಕುಮ, ಗಿಣಿ ಹಸಿರು, ಕಪ್ಪಿನ ಚಂದ್ರಕಾಳಿಯಂಥ ಹಳೆಯ ಬಣ್ಣಗಳನ್ನು ಹೆಸರು ಹಿಡಿದು ಕೇಳಿದರೆ ಒಳಗಿನ ಗಂಟುಗಳು ಹೊರಗೆ ಬರುತ್ತವೆ. ಚಂದ್ರಕಾಳಿಯ ಮೇಲೆ ಗೋಪುರ, ತೇರು, ತುಳಸಿಕಟ್ಟೆಯ ಕಸೂತಿ ಹಾಕಿಸುವವರು ಸಾದಾ ಸೀರೆಯನ್ನು ಇಲ್ಲಿ ಕೊಂಡು ಕಸೂತಿಯನ್ನು ಧಾರವಾಡದ ಕಡೆ ಬೇರೆಯಾಗಿ ಮಾಡಿಸುವುದು ಒಳ್ಳೆಯದು. ಸಿದ್ಧವಾಗಿ ಮಾರುವ ಕಸೂತಿಯಲ್ಲಿ ಯಂತ್ರದ ಹೊಲಿಗೆ ಬಹಳ. ಹಿಂಬದಿಯಲ್ಲಿ ಗಂಟು ಕಾಣದೆ ಎರಡೂ ಮೈ ಒಂದೇ ತೆರನಾಗಿದ್ದರೆ ಮಾತ್ರ ಕೈ ಕಸೂತಿಯ ಗವಂತಿ ಹೊಲಿಗೆ. ರೇಷ್ಮೆ ಸೆರಗಿಗೆ ಹಣ ಹಾಕುವ ಮನಸ್ಸಿಲ್ಲದವರು ಚಮಕಾವನ್ನು ಸಂಕೋಚವಿಲ್ಲದೆ ಕೊಳ್ಳಬಹುದು, ಮೊದಲ ಒಗೆತದಲ್ಲಿ ಸೆರಗನ್ನು ಒಡಲಿಗೆ ತಾಗಗೊಡಬಾರದು. ನನ್ನ ತೂಕದಲ್ಲಿ 1,900ರ ಸೀರೆಗೆ ಐದರಲ್ಲಿ ನಾಲ್ಕು, ಬಣ್ಣದ ದೋಷಕ್ಕೆ ಒಂದು ಕಳೆದಿದ್ದೇನೆ. 5,200ರ ಸೀರೆಗೆ ನಾಲ್ಕೂವರೆ. 750ರದ್ದಕ್ಕೆ ಬಟ್ಟೆಯಾಗಿ ಮೂರು, ಇಳಕಲ್ ಸೀರೆಯಾಗಿ ಸೊನ್ನೆ.

ಈ ವರ್ಷದ ಎಳ್ಳಮಾವಾಸ್ಯೆಗೆ ಅವ್ವನಿಗೆ ಇನ್ನೊಂದು ಬೇಕಾಗಿದೆ. ಒಂಬತ್ತು ಗಜದ್ದು, ಅದೂ ಗಿರಿ ಕುಂಕುಮ. ಹಸಿರು ಸೀರೆ ನೇಯ್ದ ಮನೆಗೇ ಫೋನ್ ಮಾಡಿ ಕೇಳಿದೆ. ಯಜಮಾನರು ದಡಿ ಚಿಕ್ಕಿಯೋ ಗೋಮಿಯೋ ಎಂದು ಕೇಳಿದರು, ಸೆರಗು ಎಷ್ಟು ಮೊಳ ಬರಬೇಕೆಂದು ಕೇಳಿದರು, ರವಿಕೆ ಬೇಡವೆಂದಾಗ ‘ಛಲೋ ಆತು ಬಿಡ್ರಿ’ ಎಂದರು. ಒಂಬತ್ತು ಗಜಕ್ಕೆ ಹಾಸು ಬೇರೆಯೇ ಹೂಡಬೇಕು, ಈಗ ಮಗ್ಗದ ಮೇಲಿರುವುದು ಇಳಿಯಲಿ, ದೀಪಾವಳಿ ಆದ ಮೇಲೆ ಹೇಳುತ್ತೇನೆ ಎಂದಿದ್ದಾರೆ.